ಸ್ಟೀರಾಯ್ಡ್ ಮಾತ್ರೆಯೂ ತೆಳುವಾದ ತೊಗಲೂ

ಸಂಧಿವಾತಕ್ಕೋ ಉಬ್ಬಸಕ್ಕೋ, ಮೂತ್ರಪಿಂಡದ ವ್ಯಾಧಿಗೋ, ಮೈತುಂಬ ಗುಳ್ಳೆಗಳೆದ್ದು ಒಡೆಯುವ ಪೆಂಫಿಗಸ್ ಎಂಬ ದಾರುಣ ರೋಗಕ್ಕೋ ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಸೇವಿಸುತ್ತ ಬಂದವರ ಮುಂಗೈಯನ್ನು ಹಗಲ ಬೆಳಕಿನಲ್ಲಿ ನೋಡಿದರೆ, ಆ ಔಷಧದ ಗುಣವೂ ದೋಷವೂ ಏಕಕಾಲದಲ್ಲಿ ಗೋಚರವಾಗುತ್ತವೆ. ಊದಿಕೊಂಡು ಮಡಿಸಲಾಗದಿದ್ದ ಬೆರಳುಗಳು ಸಡಿಲಗೊಂಡು ಕಾಫಿಯ ಲೋಟವನ್ನು ತಾವಾಗಿ ಹಿಡಿದಿರುತ್ತವೆ. ಆದರೆ ಆ ಕೈಯ ಮೇಲಣ ಚರ್ಮ ತೆಳುವಾಗಿ, ಹೊಳಪೇರಿ, ನಸುನೆರಿಗೆಗಳಿಂದ ಕೂಡಿ, ಒಳಗಿನ ರಕ್ತನಾಳಗಳನ್ನು ಎಣಿಸಬಹುದೆಂಬಷ್ಟು ಸ್ಪಷ್ಟವಾಗಿ ತೋರಿಸುತ್ತಿರುತ್ತದೆ. ಅದರ ಮೇಲೆ ಅಲ್ಲಲ್ಲಿ ಅಂಚು ಖಚಿತವಾಗಿರುವ ನೇರಳೆ ಬಣ್ಣದ ಕಲೆಗಳು. ಅವುಗಳ ನಡುವೆ ಹಳೆಯ ಕಲೆಗಳು ಉಳಿಸಿಹೋದ ಕಂದು ಛಾಯೆ. ಇನ್ನು ಕೆಲವೆಡೆ ನಕ್ಷತ್ರಾಕಾರದ ಬಿಳಿಯ ಗೆರೆಗಳು. ಎಲ್ಲಿ ತಗುಲಿಸಿಕೊಂಡಿರಿ ಎಂದು ಕೇಳಿದರೆ ತಗುಲಿಸಿಕೊಂಡ ನೆನಪೇ ಇಲ್ಲವೆಂಬ ಉತ್ತರ ಬರುತ್ತದೆ. ಆ ಉತ್ತರ ನಿಜವಾದುದು. ಏಕೆಂದರೆ ಆರೋಗ್ಯವಂತರ ಚರ್ಮ ಲೆಕ್ಕಕ್ಕೇ ಇಟ್ಟುಕೊಳ್ಳದ ಬಾಗಿಲ ಚಿಲಕದ ಒರಸು, ಬಳೆಯ ಒತ್ತು, ಮೊಮ್ಮಗುವಿನ ಉಗುರು, ಇವುಗಳಲ್ಲಿ ಯಾವುದೇ ಒಂದು ಆ ಕಲೆಗೆ ಸಾಕಾಗಿರುತ್ತದೆ.

ಇಂಥ ಕಲೆಗಳು ಒಂದರ ಹಿಂದೊಂದಾಗಿ ಏಳತೊಡಗಿದಾಗ ಮನೆಯವರಿಗೆ ಮೊದಲು ತೋರುವುದು ರಕ್ತ ಕೆಟ್ಟಿರಬೇಕೆಂಬ ಶಂಕೆ. ರಕ್ತಶುದ್ಧಿಗೆಂದು ಕಷಾಯ ಲೇಹ್ಯಗಳ ಪ್ರಯೋಗ ಆರಂಭವಾಗುತ್ತದೆ. ಮಾತ್ರೆ ಉಷ್ಣವಾಯಿತೆಂದು ತಂಪಿನ ಉಪಚಾರ ನಡೆಯುತ್ತದೆ. ಯಾವುದೂ ಫಲ ಕೊಡದೆ ಹೋದಾಗ, ಈ ಹಾಳು ಮಾತ್ರೆಯ ಸಹವಾಸವೇ ಬೇಡವೆಂದು ಒಂದು ದಿನ ಅದನ್ನು ಕೈಬಿಡುವವರೂ ಉಂಟು. ಮೊದಲಿನವು ನಿಷ್ಫಲವಾದರೆ ಕಡೆಯದು ಪ್ರಾಣಕ್ಕೇ ಎರವಾಗಬಲ್ಲದು. ಆದುದರಿಂದ ಈ ಕಲೆಗಳ ಮೂಲವೆಲ್ಲಿ, ಅವುಗಳೊಡನೆ ಬಾಳುವ ಬಗೆ ಹೇಗೆ ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತ.

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಒಂದೊಂದು ಪುಟ್ಟ ಗ್ರಂಥಿಯುಂಟು. ಅದರ ಹೊರಪದರದಲ್ಲಿ ಉತ್ಪತ್ತಿಯಾಗುವ ಕಾರ್ಟಿಸಾಲ್ ಎಂಬ ಹಾರ್ಮೋನು, ದೇಹವು ಆಘಾತವನ್ನೂ ಉಪವಾಸವನ್ನೂ ರೋಗವನ್ನೂ ತಾಳಿಕೊಳ್ಳುವುದಕ್ಕೆ ಅತ್ಯಾವಶ್ಯಕವಾದುದು. ಅದು ಮಿತಿಮೀರಿದರೆ ಏನಾಗುತ್ತದೆಂಬುದನ್ನು ಈ ಔಷಧ ಹುಟ್ಟುವುದಕ್ಕೆ ಮೊದಲೇ ವೈದ್ಯಲೋಕ ಅರಿತಿತ್ತು. ಅಮೆರಿಕದ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ 1912ರಲ್ಲಿ ಒಬ್ಬ ತರುಣಿಯ ವಿಷಯವಾಗಿಯೂ, 1932ರಲ್ಲಿ ಅಂಥ ಹಲವು ರೋಗಿಗಳ ವಿಷಯವಾಗಿಯೂ ಬರೆದಾಗ, ದುಂಡಗೆ ಊದಿದ ಮುಖ, ಹೊಟ್ಟೆಯ ಮೇಲಣ ನೇರಳೆ ಗೆರೆಗಳು ಇವುಗಳ ಜೊತೆಯಲ್ಲಿಯೇ ಸುಲಭವಾಗಿ ಕಂದುವ ಚರ್ಮವನ್ನೂ ಗುರುತಿಸಿದ್ದನು. ಮುಂದೆ ಮೇಯೊ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್ ಮತ್ತು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಟಾಡಿಯಸ್ ರೈಖ್‌ಸ್ಟೈನ್ ಈ ಗ್ರಂಥಿಯ ಸಾರವನ್ನು ಬೇರ್ಪಡಿಸಿ ಶೋಧಿಸಿದರು. ಮೇಯೊ ಕ್ಲಿನಿಕ್ಕಿನಲ್ಲಿಯೇ ಫಿಲಿಪ್ ಹೆಂಚ್ 1948ರ ಸೆಪ್ಟೆಂಬರಿನಲ್ಲಿ ಕಾರ್ಟಿಸಾಲಿಗೆ ಹತ್ತಿರದ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಸಂಧಿವಾತದಿಂದ ನಡೆಯಲಾರದೆ ಇದ್ದ ಒಬ್ಬ ಯುವತಿಗೆ ಚುಚ್ಚಿ ಕೊಟ್ಟಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. 1950ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. 1955ರ ವೇಳೆಗೆ ಅದೇ ಬಗೆಯ ಕೃತಕ ಸ್ಟೀರಾಯ್ಡುಗಳಾದ ಪ್ರೆಡ್ನಿಸೋನ್, ಪ್ರೆಡ್ನಿಸೊಲೋನ್ ಮಾತ್ರೆಗಳು ಬಳಕೆಗೆ ಬಂದುವು. ಆ ಸಂಭ್ರಮದ ವರ್ಷಗಳಲ್ಲಿಯೇ, ದೀರ್ಘಕಾಲ ಈ ಔಷಧವನ್ನು ಸೇವಿಸಿದವರಲ್ಲಿ ಕುಷಿಂಗ್ ವರ್ಣಿಸಿದ ಲಕ್ಷಣಗಳು ಒಂದೊಂದಾಗಿ ತಲೆದೋರಿದುವು. ಕೋಟ್ಯಂತರ ಜನರನ್ನು ನೋವಿನಿಂದಲೂ ಅಂಗವೈಕಲ್ಯದಿಂದಲೂ ಮರಣದಿಂದಲೂ ಕಾಪಾಡಿದ ಔಷಧವಿದು ಎಂಬ ಮಾತೂ, ಅದು ಚರ್ಮವನ್ನು ಸವೆಸುತ್ತದೆಂಬ ಮಾತೂ ಒಟ್ಟಿಗೇ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವ ವೈದ್ಯರೂ ಸರಿಯಲ್ಲ, ಬಂಧುಗಳೂ ಸರಿಯಲ್ಲ.

ಚರ್ಮ ಹೇಗೆ ಸವೆಯುತ್ತದೆ? ನಾವು ಮುಟ್ಟಿ ನೋಡುವ ಹೊರಚರ್ಮ ಬಹು ತೆಳುವಾದ ಹೊದಿಕೆ. ಅದರ ಕೆಳಗಿರುವ ಒಳಚರ್ಮವೇ ನಿಜವಾದ ಆಧಾರ. ಅಲ್ಲಿ ಕೊಲ್ಯಾಜನ್ ಎಂಬ ಗಟ್ಟಿಯಾದ ಎಳೆಗಳು ಹೆಣೆದುಕೊಂಡಿರುತ್ತವೆ; ಎಳೆಗಳ ನಡುವಣ ಅವಕಾಶವನ್ನು ನೀರನ್ನು ಹಿಡಿದಿಡುವ ಲೋಳೆಯಂಥ ದ್ರವ್ಯ ತುಂಬಿರುತ್ತದೆ; ಇವೆರಡನ್ನೂ ತಯಾರಿಸುತ್ತ ಹಳೆಯದನ್ನು ತೆಗೆದು ಹೊಸದನ್ನು ಕೂಡಿಸುವ ಕೆಲಸ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳದು. ಸ್ಟೀರಾಯ್ಡ್ ಈ ಕೋಶಗಳ ಉದ್ಯೋಗವನ್ನೇ ಕುಗ್ಗಿಸುತ್ತದೆ. ಹೊಸ ಎಳೆ ಕಡಿಮೆ, ಲೋಳೆ ಕಡಿಮೆ, ಹೊರಚರ್ಮವೂ ತೆಳು. ಒಳಚರ್ಮದಲ್ಲಿ ಹಬ್ಬಿರುವ ಸೂಕ್ಷ್ಮ ರಕ್ತನಾಳಗಳ ಸ್ಥಿತಿ ಆಗ, ಸುತ್ತಣ ಮಣ್ಣು ಕೊಚ್ಚಿಹೋಗಿ ಬರಿದಾದ ಕೊಳವೆಗಳ ಸ್ಥಿತಿಯಂತಾಗುತ್ತದೆ. ಪೆಟ್ಟು ಬೀಳಬೇಕೆಂದೇ ಇಲ್ಲ. ಚರ್ಮವನ್ನು ಒಂದು ಪಕ್ಕಕ್ಕೆ ಸ್ವಲ್ಪ ಎಳೆದರೂ, ಒರಸಿದರೂ, ಆ ನಾಳ ಹರಿದು ರಕ್ತ ಹೊರಗೆ ಚೆಲ್ಲಿ ತಡೆಯಿಲ್ಲದೆ ಹರಡಿಕೊಳ್ಳುತ್ತದೆ. ಹೀಗಾಗಿ ಸಾಮಾನ್ಯವಾಗಿ ಈ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಪ್ಲೇಟ್‌ಲೆಟ್ ಸಂಖ್ಯೆಯೂ ರಕ್ತ ಹೆಪ್ಪುಗಟ್ಟುವ ಶಕ್ತಿಯೂ ಸರಿಯಾಗಿಯೇ ಇರುತ್ತವೆ. ಲೋಪವಿರುವುದು ರಕ್ತದಲ್ಲಲ್ಲ, ಅದನ್ನು ಸುತ್ತುವರಿದು ರಕ್ಷಿಸಬೇಕಾದ ಆಸರೆಯಲ್ಲಿ.

ಎಳೆಯರ ಮೈ ಕಂದಿದರೆ ಆ ಕಲೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತ ಮಾಯುತ್ತದೆ. ಈ ಕಲೆ ಹಾಗಲ್ಲ. ಚೆಲ್ಲಿದ ರಕ್ತವನ್ನು ತೆಗೆದು ಶುಚಿಮಾಡುವ ಕೋಶಗಳು ಅಲ್ಲಿ ವಿರಳವಾದುದರಿಂದ ಅದು ಒಂದರಿಂದ ಮೂರು ವಾರ ಅದೇ ನೇರಳೆ ಬಣ್ಣದಲ್ಲಿ ನಿಂತು, ಕಡೆಗೆ ರಕ್ತದ ಕಬ್ಬಿಣದ ಅಂಶವನ್ನು ಕಂದು ಕಲೆಯಾಗಿ ಉಳಿಸಿ ಸರಿಯುತ್ತದೆ. ಮುಂಗೈ, ಅಂಗೈಯ ಹಿಂಭಾಗ, ಮೊಣಕಾಲಿನ ಕೆಳಗಣ ಮುಂಭಾಗ, ಇವೇ ಅದರ ನೆಚ್ಚಿನ ತಾಣಗಳು. ಕೈಗಳಲ್ಲಿ ಹೆಚ್ಚು ಕಾಣುವುದಕ್ಕೆ ಬಿಸಿಲೂ ಕಾರಣ. ಲಂಡನ್ನಿನ ವೈದ್ಯ ಥಾಮಸ್ ಬೇಟ್‌ಮನ್ 1818ರಷ್ಟು ಹಿಂದೆಯೇ, ಯಾವ ಔಷಧದ ಸೋಂಕೂ ಇಲ್ಲದ ವೃದ್ಧರ ಮುಂಗೈಗಳಲ್ಲಿ ಇಂಥದೇ ಕಲೆಗಳನ್ನು ವರ್ಣಿಸಿದ್ದನು. ವಯಸ್ಸೂ ದಶಕಗಳ ಬಿಸಿಲೂ ಮೊದಲೇ ತೆಳುಮಾಡಿದ ಚರ್ಮದ ಮೇಲೆ ಸ್ಟೀರಾಯ್ಡೂ ಸೇರಿದಾಗ ಸವೆತ ಇಮ್ಮಡಿಯಾಗುತ್ತದೆ. ಹೊಲಗದ್ದೆಗಳಲ್ಲಿ ಅಂಗಿಯ ತೋಳು ಮಡಿಸಿ ದುಡಿದು ಮುಪ್ಪಿಗೆ ಬಂದ ನಮ್ಮ ರೈತರಲ್ಲಿ ಇದು ವಿಶೇಷವಾಗಿ ಗಮನಿಸತಕ್ಕ ಸಂಗತಿ. ಹೃದ್ರೋಗಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದ ರಕ್ತ ತೆಳುವಾಗಿಸುವ ಔಷಧಗಳನ್ನು ಜೊತೆಗೆ ಸೇವಿಸುವವರಲ್ಲಿ ಕಲೆ ಇನ್ನೂ ಬೇಗ, ಇನ್ನೂ ಅಗಲವಾಗಿ ಏಳುತ್ತದೆ. ಉಬ್ಬಸಕ್ಕೆ ಎಳೆದುಕೊಳ್ಳುವ ಇನ್ಹೇಲರಿನ ಸ್ಟೀರಾಯ್ಡ್ ಕೂಡ ದೊಡ್ಡ ಪ್ರಮಾಣದಲ್ಲಿ ವರ್ಷಾನುಗಟ್ಟಲೆ ಸಾಗಿದರೆ ಇದೇ ಫಲವನ್ನು ಕೊಡಬಹುದು.

ಇಲ್ಲಿ ಒಂದು ಮಾತನ್ನು ಪ್ರಸಂಗವಶಾತ್ ಹೇಳದೆ ಇರಲಾಗದು. ವೈದ್ಯರು ವಿಚಾರಪೂರ್ವಕವಾಗಿ ಕೊಟ್ಟ ಸ್ಟೀರಾಯ್ಡ್ ಒಂದಾದರೆ, ತಿಳಿಯದೆ ಮೈಗೆ ಸೇರುವ ಸ್ಟೀರಾಯ್ಡ್ ಇನ್ನೊಂದು. ಮೈಬಣ್ಣ ತಿಳಿಯಾಗಲೆಂದು ಅಂಗಡಿಯಿಂದ ತಂದು ಬಳಿಯುವ, ಗಜಕರ್ಣಕ್ಕೆಂದು ನೆರೆಯವರು ಹೇಳಿದ ಎಷ್ಟೋ ಟ್ಯೂಬುಗಳಲ್ಲಿ ಪ್ರಬಲವಾದ ಸ್ಟೀರಾಯ್ಡ್ ಇರುತ್ತದೆ. ಅವು ಹಚ್ಚಿದ ಜಾಗದ ತೊಗಲನ್ನೇ ತೆಳುವಾಗಿಸುತ್ತವೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರ್ಕಾರ 2018ರಲ್ಲಿ ವಿಧಿಸಿತು. ಆದರೂ ಕೇಳಿದವರಿಗೆ ಅವು ಸಿಗುತ್ತಲೇ ಇವೆ. ಕೀಲುನೋವಿಗೆ ರಾಮಬಾಣವೆಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿಯೂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದದ್ದುಂಟು. ಸ್ಟೀರಾಯ್ಡನ್ನೇ ಮುಟ್ಟಿಲ್ಲವೆನ್ನುವವರ ಮುಖ ದುಂಡಗಾಗಿ ಕೈ ಕಂದತೊಡಗಿದರೆ, ಆ ಪುಡಿಯ ಪೊಟ್ಟಣವನ್ನು ವೈದ್ಯರ ಬಳಿಗೆ ಒಯ್ದು ತೋರಿಸಬೇಕು.

ಇನ್ನು ಮಾತ್ರೆಯನ್ನು ತಟ್ಟನೆ ನಿಲ್ಲಿಸುವ ವಿಚಾರ. ಹೊರಗಿನಿಂದ ಸ್ಟೀರಾಯ್ಡ್ ಯಥೇಚ್ಛವಾಗಿ ಬರುತ್ತಿರುವಾಗ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ಬಿಟ್ಟುಬಿಡುತ್ತದೆ. ಕೆಲವು ವಾರಗಳಿಗಿಂತ ಹೆಚ್ಚು ಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸಿದರೆ, ಗ್ರಂಥಿ ಎಚ್ಚರಗೊಳ್ಳುವುದಕ್ಕೆ ವ್ಯವಧಾನವಿಲ್ಲದೆ, ವಿಪರೀತ ನಿತ್ರಾಣ, ವಾಂತಿ, ರಕ್ತದೊತ್ತಡದ ಕುಸಿತ ಇವು ಸಂಭವಿಸಿ ಜೀವಾಪಾಯಕ್ಕೆ ಎಡೆಯಾಗುತ್ತದೆ. ಮೂಲರೋಗವೂ ಕೆರಳಿ ಮೇಲೇಳುತ್ತದೆ. ಕೈಮೇಲಣ ಕಲೆಯ ಭಯದಿಂದ ಈ ಅಪಾಯವನ್ನು ತಂದುಕೊಳ್ಳುವುದು ಸರ್ವಥಾ ಕೂಡದು. ಪ್ರಮಾಣವನ್ನು ಇಳಿಸತಕ್ಕದ್ದಿದ್ದರೆ ವೈದ್ಯರು ಮಿಲಿಗ್ರಾಮ್ ಮಿಲಿಗ್ರಾಮಾಗಿ, ವಾರಗಳ ಅಂತರದಲ್ಲಿ ಇಳಿಸುತ್ತಾರೆ.

ಕಲೆಗಳಿಂದ ದೇಹಕ್ಕೆ ಆಗುವ ನೋವು ಅಲ್ಪ. ಮನಸ್ಸಿಗೆ ಆಗುವುದು ಅಧಿಕ. ನನ್ನ ಸೋದರತ್ತೆಯೊಬ್ಬರು ಸಂಧಿವಾತಕ್ಕೆ ಈ ಮಾತ್ರೆ ಹಿಡಿದ ಮೇಲೆ ಬೇಸಗೆಯ ಮದುವೆಯ ಚಪ್ಪರದಲ್ಲಿಯೂ ಮಣಿಕಟ್ಟಿನವರೆಗೆ ಸೆರಗು ಹೊದ್ದು ಕೂರುತ್ತಿದ್ದರು. ಅಂಥ ಒಂದು ಮದುವೆಯಲ್ಲಿ ಅರಿಸಿನ ಕುಂಕುಮಕ್ಕೆ ಕೈ ಚಾಚಿದಾಗ ಸೆರಗು ಸರಿದು, ಕುಂಕುಮ ಕೊಡುತ್ತಿದ್ದಾಕೆ ದನಿ ತಗ್ಗಿಸಿ, "ಏನಮ್ಮ ಇದು? ಮನೇಲಿ ಯಾರಾದರೂ ಕೈಮಾಡಿದರೇ?" ಎಂದು ಕೇಳಿ, ಪಕ್ಕದಲ್ಲಿದ್ದ ಸೊಸೆಯ ಕಡೆಗೆ ನೋಡಿದರು. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು, ತಲೆ ಬಾಚಿ, ಊಟ ಬಡಿಸಿ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಆ ಹುಡುಗಿಯ ಮುಖ ಕಪ್ಪಿಟ್ಟಿತು. ಅತ್ತೆ ಅಂದು ಸೆರಗನ್ನು ಪೂರ್ತಿ ಹಿಂದಕ್ಕೆ ಸರಿಸಿ ಎಲ್ಲರಿಗೂ ಕೇಳುವಂತೆ, "ಮಾತ್ರೆಯಿಂದ ಬಂದದ್ದು ಕಣ್ರೀ ಇದು. ಮಂಡಿ ಮಡಿಸೋಕಾಗದೆ ಬಿದ್ದಿದ್ದೋಳು ಈಗ ನಿಮ್ಮ ಮುಂದೆ ನಿಂತಿದೀನಲ್ಲ, ಅದೂ ಇದೇ ಮಾತ್ರೆಯಿಂದ. ನನ್ನ ಸೊಸೆ ಬಂಗಾರದಂಥೋಳು" ಎಂದರು. ಹೀಗೆ ಬಾಯಿಬಿಟ್ಟು ಹೇಳುವುದರಲ್ಲಿ ಸಂಕೋಚ ಪಡತಕ್ಕದ್ದೇನೂ ಇಲ್ಲ. ವೃದ್ಧರನ್ನು ಹಿಂಸಿಸುವ ಮನೆಗಳೂ ಉಂಟಾದುದರಿಂದ ಕೇಳುವವರ ಕಾಳಜಿ ತಪ್ಪಲ್ಲ. ಆದರೆ ಕೇಳುವುದಾದರೆ ರೋಗಿಯನ್ನೇ ಏಕಾಂತದಲ್ಲಿ ಕೇಳಬೇಕು.

ಈಗ ರಕ್ಷಣೆಯ ಕ್ರಮ. ತೆಳುವಾದ ಚರ್ಮಕ್ಕೆ ಮೊದಲನೆಯ ಶತ್ರು ಶುಷ್ಕತೆ. ಒಣಗಿದ ತೊಗಲು ಬೇಗ ಹರಿಯುತ್ತದೆ. ಪಶ್ಚಿಮ ಆಸ್ಟ್ರೇಲಿಯದ ವೃದ್ಧಾಶ್ರಮಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕೈಕಾಲುಗಳಿಗೆ ದಿನಕ್ಕೆ ಎರಡು ಸಲ ತೇವ ಕಾಯುವ ಲೇಪನವನ್ನು ತಪ್ಪದೆ ಹಚ್ಚಿದವರಲ್ಲಿ ಚರ್ಮ ಹರಿಯುವ ಪ್ರಸಂಗಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುವು. ಇಷ್ಟು ಅಗ್ಗವಾದ ಉಪಾಯ ಇಷ್ಟು ಫಲ ಕೊಡುವುದು ವೈದ್ಯದಲ್ಲಿ ಅಪರೂಪ. ಸುವಾಸನೆಯಿಲ್ಲದ ಸಾದಾ ಕ್ರೀಮೋ, ವ್ಯಾಸಲೀನೋ, ಕೊಬ್ಬರಿ ಎಣ್ಣೆಯೋ ಆಗಬಹುದು. ಸ್ನಾನವಾದ ಕೂಡಲೆ, ಮೈ ಇನ್ನೂ ತುಸು ಒದ್ದೆಯಾಗಿರುವಾಗಲೇ, ರೋಮ ಹೋಗುವ ದಿಕ್ಕಿನಲ್ಲಿ ಅಂಗೈಯಿಂದ ಮೆಲ್ಲಗೆ ಸವರಬೇಕು, ತಿಕ್ಕಬಾರದು. ನಮ್ಮ ಅಭ್ಯಂಜನದ ಸಂಪ್ರದಾಯ ಬಲು ಸೊಗಸಾದುದೇ ಆದರೂ, ಮೈಕೈ ನೀವಿ ತಿಕ್ಕಿ ಮಾಲೀಸು ಮಾಡುವುದು, ಸುಡುನೀರು ಹೊಯ್ಯುವುದು, ಸೀಗೆಪುಡಿ ಹಾಕಿ ಉಜ್ಜುವುದು ಈ ಚರ್ಮಕ್ಕೆ ಸಲ್ಲದು. ನೀರು ಉಗುರುಬೆಚ್ಚಗಿರಲಿ, ಸೋಪು ಮೃದುವಾದುದಾಗಿ, ಬೇಕಾದಲ್ಲಿಗೆ ಮಾತ್ರ ಇರಲಿ, ಪಂಚೆಯಿಂದ ಒರಸುವ ಬದಲು ಒತ್ತಿ ನೀರು ಹೀರಿಸಬೇಕು. ಎಣ್ಣೆ ಹಚ್ಚಿದ ಕಾಲಲ್ಲಿ ಬಚ್ಚಲ ಕಲ್ಲಿನ ಮೇಲೆ ನಡೆಯದಂತೆ ನೋಡಿಕೊಳ್ಳಬೇಕು. ಈ ಮಾತ್ರೆ ಮೂಳೆಯನ್ನೂ ದುರ್ಬಲಗೊಳಿಸುವುದರಿಂದ ಜಾರಿ ಬಿದ್ದರೆ ಕೇವಲ ಚರ್ಮದ ಮಾತಾಗಿ ಉಳಿಯುವುದಿಲ್ಲ.

ಉದ್ದ ತೋಳಿನ ಹತ್ತಿಯ ಅಂಗಿ, ರವಿಕೆ ಬಿಸಿಲಿಗೂ ಪೆಟ್ಟಿಗೂ ತಡೆ. ಹಳೆಯ ಹತ್ತಿಯ ಉದ್ದ ಕಾಲುಚೀಲದ ಬೆರಳಿನ ಕಡೆಯ ತುದಿಯನ್ನು ಕತ್ತರಿಸಿ ಮುಂಗೈಗೆ ಏರಿಸಿಕೊಂಡರೆ ಅದೇ ಒಳ್ಳೆಯ ಕವಚ. ಅಡುಗೆಮನೆಯಲ್ಲಿ ಒಲೆಯ ಬಳಿ ಮಾತ್ರ ಅದನ್ನು ತೆಗೆದಿಡುವುದು ಕ್ಷೇಮ. ಗಾಜಿನ ಬಳೆಯ ವಿಷಯವನ್ನು ಹೇಳುವಾಗ ನನಗೆ ಹಿಂಜರಿಕೆಯಾಗುತ್ತದೆ, ಏಕೆಂದರೆ ಅದರೊಡನೆ ಹೆಣ್ಣುಮಕ್ಕಳ ಭಾವನೆ ಬೆಸೆದುಕೊಂಡಿದೆ. ಆದರೂ ಬಿಗಿಯಾದ ಬಳೆಯನ್ನು ತೊಡಿಸುವಾಗ ಆಗುವ ಒತ್ತು, ಒಡೆದ ಬಳೆಯ ಚೂಪು ಇವು ಈ ಕೈಗೆ ದೊಡ್ಡ ಗಾಯವನ್ನೇ ಮಾಡುವುದರಿಂದ, ನುಣುಪಾದ ಅಂಚಿನ, ಸಡಿಲವಾದ ಲೋಹದ ಬಳೆ ಮೇಲು. ಮಂಚದ ಮೂಲೆ, ಮೊಳೆ ಎದ್ದ ಬಾಗಿಲು, ಅಂಗಳದಲ್ಲಿ ಓರೆಯಾಗಿ ನಿಲ್ಲಿಸಿದ ಸ್ಕೂಟರು, ನಡುಮನೆಯ ಗಿಡ್ಡ ಮೇಜು, ಇವು ಮೊಣಕಾಲ ಕೆಳಗಿನ ಮೂಳೆಗೆ ತಗಲುವ ಎತ್ತರದಲ್ಲಿಯೇ ಇರುತ್ತವೆ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಹಿರಿಯರನ್ನು ಎಬ್ಬಿಸುವಾಗ ಮುಂಗೈಯನ್ನೋ ರಟ್ಟೆಯನ್ನೋ ಹಿಡಿದು ಎಳೆಯಬಾರದೆಂಬುದು. ಪ್ರೀತಿಯಿಂದ ಹಿಡಿದೆಳೆದ ಕೈಯೇ ಎಷ್ಟೋ ವೇಳೆ ಬೆರಳಿನ ಗುರುತುಗಳನ್ನು ಮೂಡಿಸುತ್ತದೆ. ಬೆನ್ನಿನ ಹಿಂದೆ ತೋಳು ಕೊಟ್ಟು, ಅವರೇ ತಮ್ಮ ಕೈಯಿಂದ ನಮ್ಮನ್ನು ಹಿಡಿದುಕೊಳ್ಳುವಂತೆ ಮಾಡಿ ಏಳಿಸಬೇಕು. ನೋಡಿಕೊಳ್ಳುವವರ ಉಗುರು ಗಿಡ್ಡವಾಗಿರಲಿ, ಹರಳಿನ ಉಂಗುರ ಕಳಚಿರಲಿ.

ಇಷ್ಟಾದರೂ ಒಂದಲ್ಲ ಒಂದು ದಿನ ತೊಗಲು ಹರಿದು, ಒಂದು ಪದರ ಮಡಿಸಿಕೊಂಡು, ಕೆಂಪು ಗಾಯ ಕಾಣಿಸಿಕೊಂಡೀತು. ಗಾಬರಿಯಿಂದ ಕಾಫಿಪುಡಿಯನ್ನೋ ಅರಿಸಿನವನ್ನೋ ಮೆತ್ತಬಾರದು. ಸ್ಪಿರಿಟ್ಟು, ಡೆಟಾಲು ಸುರಿಯಬಾರದು. ಜೋತುಬಿದ್ದ ಪದರವನ್ನು ಕತ್ತರಿಸಲೇಬಾರದು, ಅದೇ ಗಾಯಕ್ಕೆ ಅತ್ಯುತ್ತಮವಾದ ಮುಚ್ಚಳ. ಶುಚಿಯಾದ ಒದ್ದೆ ಬಟ್ಟೆಯಿಂದ ಮೃದುವಾಗಿ ಅದುಮಿ, ಕೈಯನ್ನು ಮೇಲೆತ್ತಿ ಹಿಡಿದು, ರಕ್ತ ನಿಂತ ಮೇಲೆ ಕಾಯಿಸಿ ಆರಿಸಿದ ನೀರಿನಿಂದಲೋ ಸಲೈನಿನಿಂದಲೋ ತೊಳೆಯಬೇಕು. ಅನಂತರ ಒದ್ದೆ ಮಾಡಿದ ಹತ್ತಿಯ ಕಡ್ಡಿಯಿಂದ, ಆ ಪದರವನ್ನು ಎಳೆಯದೆ, ಉರುಳಿಸುವಂತೆ ಅದರ ಸ್ವಸ್ಥಾನಕ್ಕೆ ತಂದು ಹರಡಬೇಕು. ಮೇಲೆ ಅಂಟಿಕೊಳ್ಳದ ಸಿಲಿಕೋನ್ ಪಟ್ಟಿಯನ್ನೋ ಪ್ಯಾರಾಫಿನ್ ಸವರಿದ ಗಾಜ್ ಬಟ್ಟೆಯನ್ನೋ ಇಟ್ಟು, ಸುರುಳಿ ಬ್ಯಾಂಡೇಜನ್ನು ಸಡಿಲವಾಗಿ ಸುತ್ತಬೇಕು. ಅಂಟುಪಟ್ಟಿ ಮಾತ್ರ ಕೂಡದು. ಅದನ್ನು ಕೀಳುವಾಗ ಗಾಯದಷ್ಟೇ ಅಗಲದ ಹೊಸ ತೊಗಲು ಕಿತ್ತುಬರುತ್ತದೆ. ಪದರ ಎಲ್ಲಿ ಮೈಗೆ ಅಂಟಿಕೊಂಡಿದೆಯೋ ಅಲ್ಲಿಂದ ಅದರ ಬಿಡಿ ತುದಿಯ ಕಡೆಗೆ ಪಟ್ಟಿಯ ಮೇಲೆ ಒಂದು ಬಾಣದ ಗುರುತು ಬರೆದಿಟ್ಟರೆ, ಬಿಚ್ಚುವವರು ಅದೇ ದಿಕ್ಕಿನಲ್ಲಿ ಬಿಚ್ಚುತ್ತಾರೆ, ಕೂಡಿಕೊಳ್ಳುತ್ತಿರುವ ಪದರ ಮತ್ತೆ ಏಳುವುದಿಲ್ಲ. ದಿನವೂ ಬಿಚ್ಚಿ ನೋಡುವ ಕುತೂಹಲವನ್ನು ತಡೆದುಕೊಳ್ಳಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬೇಕು. ಸ್ಟೀರಾಯ್ಡ್ ಸೇವಿಸುವವರಲ್ಲಿ ಗಾಯ ಮಾಯುವುದು ನಿಧಾನ. ಜ್ವರವನ್ನೂ ಕೆಂಪನ್ನೂ ಔಷಧವೇ ಅಡಗಿಸಿಬಿಡುವುದರಿಂದ ಕೀವಾದದ್ದು ತಡವಾಗಿ ತಿಳಿಯುತ್ತದೆ. ನೋವು ಹೆಚ್ಚಿದರೆ, ವಾಸನೆ ಬಂದರೆ, ಅಷ್ಟೇ ಸಾಕು, ತೋರಿಸಬೇಕು.

ಆಸ್ಪತ್ರೆಯಲ್ಲಿಯೂ ರೋಗಿ ಮೊದಲೇ ಬಾಯಿಬಿಟ್ಟು ಹೇಳುವುದು ಲೇಸು: "ಸಿಸ್ಟರ್, ನಾನು ಸ್ಟೀರಾಯ್ಡ್ ತಗೋತೀನಿ, ಪ್ಲಾಸ್ಟರ್ ಹಾಕಬೇಡಿ, ಬಟ್ಟೆ ಸುತ್ತಿ." ರಕ್ತ ತೆಗೆಯುವಾಗ ಕಟ್ಟುವ ರಬ್ಬರನ್ನು ತೋಳಿನ ಬಟ್ಟೆಯ ಮೇಲೆ ಕಟ್ಟಿಸಿಕೊಳ್ಳಬಹುದು, ಸೂಜಿ ತೆಗೆದ ಮೇಲೆ ಕೈ ಮಡಿಸಿಕೊಂಡು ಹೊರಟುಬಿಡದೆ, ನೆಟ್ಟಗೆ ಚಾಚಿ ಐದು ನಿಮಿಷ ಒತ್ತಿ ಹಿಡಿಯಬೇಕು.

ಎಲ್ಲ ಕಲೆಗಳೂ ನಿರಪಾಯಕರವೆಂದು ಭಾವಿಸಬಾರದು. ಪೆಟ್ಟು ತಗುಲಲಾರದ ಎದೆ, ಹೊಟ್ಟೆ, ಬೆನ್ನಿನ ಮೇಲೆ ಕಲೆ ಎದ್ದರೆ, ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಗುಂಪಾಗಿ ಕಂಡರೆ, ಒಸಡಿನಿಂದಲೋ ಮೂಗಿನಿಂದಲೋ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾದರೆ, ಅದು ಬರಿಯ ಚರ್ಮದ ಸವೆತವಲ್ಲದೆ ರಕ್ತದ ಅಥವಾ ಜಠರ, ಕರುಳಿನ ತೊಂದರೆಯಾಗಿರಬಹುದು. ಅದೇ ದಿನ ವೈದ್ಯರನ್ನು ಕಾಣಬೇಕು. ಪ್ಲೇಟ್‌ಲೆಟ್ ಕಡಿಮೆಯಾದುದಕ್ಕೇ ಸ್ಟೀರಾಯ್ಡ್ ಸೇವಿಸುವವರು ಯಾವ ಹೊಸ ಕಲೆಯನ್ನೂ ಅಲಕ್ಷಿಸುವಂತಿಲ್ಲ. ಮೊಣಕಾಲ ಕೆಳಗೆ ತಗುಲಿದ ಪೆಟ್ಟು ಗಂಟೆ ಗಂಟೆಗೂ ಊದುತ್ತ, ಬಿಗಿಯುತ್ತ, ಅಸಹನೀಯವಾಗಿ ನೋಯುತ್ತಿದ್ದರೆ ಒಳಗೆ ರಕ್ತ ಮಡುಗಟ್ಟಿ ಮೇಲಿನ ಚರ್ಮವನ್ನೇ ಸಾಯಿಸುತ್ತಿರಬಹುದು. ಅದು ತುರ್ತಿನ ಸಂದರ್ಭ. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಸೇವಿಸುವವರು ತಲೆಗೆ ಪೆಟ್ಟು ಬಿದ್ದಾಗ ಚೆನ್ನಾಗಿಯೇ ಇದ್ದೇನೆಂದು ಮನೆಯಲ್ಲಿ ಉಳಿಯಬಾರದು.

ತೊಗಲನ್ನು ಮತ್ತೆ ದಪ್ಪವಾಗಿಸುವ ಮಾತ್ರೆ ಯಾವುದೂ ಇಲ್ಲ. ಬೇಳೆ, ಮೊಸರು, ಮೊಟ್ಟೆಗಳಂಥ ಸತ್ವಯುತವಾದ ಆಹಾರವೂ, ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿ ಹೇರಳವಾಗಿರುವ ಸಿ ಜೀವಸತ್ವವೂ ಕೊಲ್ಯಾಜನ್ ಕಟ್ಟುವುದಕ್ಕೆ ಬೇಕು, ಕೊರತೆಯಿದ್ದರೆ ಕಲೆ ಹೆಚ್ಚುತ್ತದೆ. ಆದರೆ ಮೂತ್ರಪಿಂಡದ ರೋಗವಿರುವವರು ಆಹಾರದ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು. ಸ್ಟೀರಾಯ್ಡಿನ ಪ್ರಮಾಣ ಇಳಿದಂತೆ ತಿಂಗಳುಗಳ ಅವಧಿಯಲ್ಲಿ ಚರ್ಮ ಬಹುಮಟ್ಟಿಗೆ ಚೇತರಿಸಿಕೊಳ್ಳುವುದುಂಟು. ಬಿಳಿಯ ಗೆರೆಗಳು ಮಾತ್ರ ಉಳಿಯುತ್ತವೆ.

ಆದಕಾರಣ ಈ ಮಾತ್ರೆಯನ್ನು ಸೇವಿಸುತ್ತಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಸಲ ವೈದ್ಯರ ಬಳಿಗೆ ಹೋದಾಗ ತೋಳನ್ನು ಮುಚ್ಚಿಕೊಳ್ಳದೆ, ಅಂಗಿಯ ಕೈಯನ್ನು ಮೇಲಕ್ಕೆ ಮಡಿಸಿ ತೋರಿಸಿರಿ, ಸೇವಿಸುತ್ತಿರುವ ಎಲ್ಲ ಮಾತ್ರೆ, ಪುಡಿ, ಮುಲಾಮುಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ, "ಡಾಕ್ಟರೇ, ಇದನ್ನು ಇನ್ನಷ್ಟು ಇಳಿಸಬಹುದೇ? ಇದರ ಬದಲು ಬೇರೆ ಔಷಧ ಉಂಟೇ?" ಎಂದು ಸಂಕೋಚವಿಲ್ಲದೆ ಕೇಳಿರಿ. ಸಂಧಿವಾತಕ್ಕೂ ಇತರ ಹಲವು ವ್ಯಾಧಿಗಳಿಗೂ ಸ್ಟೀರಾಯ್ಡಿನ ಭಾರವನ್ನು ಹಂಚಿಕೊಳ್ಳುವ ಔಷಧಗಳು ಇಂದು ಇವೆ. ಕೇಳಿದವರಲ್ಲಿ ಎಷ್ಟೋ ಮಂದಿಗೆ ಮಾತ್ರೆಯ ಪ್ರಮಾಣ ಇಳಿದದ್ದುಂಟು.